ಗೌನಿನ ಅಂಚು

ಬಾಡಿಗೆ ಬಟ್ಟೆ ಅನ್ನುವ ಮಾತು ನಮ್ಮ ಮನೆಯಲ್ಲಿ ಬೈಗುಳಕ್ಕೆ ಸಮ. ಬೈಲಹೊಂಗಲದ ಪೇಟೆಯಲ್ಲಿ ನಮ್ಮ ಅಬ್ಬಾನ ಟೇಲರ್ ಅಂಗಡಿ, ಅಂಗಡಿಯ ಬೆನ್ನಿಗೇ ಮನೆ. ಯಾವನೋ ಮದುಮಗ ಸೂಟು ಬಾಡಿಗೆಗೆ ತಂದನೆಂದು ಕೇಳಿದರೆ ಸಾಕು, "ಮಂದಿ ಹೆಗಲಿನ ಅಂಗಿ ಹಾಕ್ಕೊಂಡು ಮದಿವಿ ಆಗತಾನಂತ, ನಾಚಿಕಿ ಇಲ್ಲದಂವ!" ಎಂದು ಅಬ್ಬಾ ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ. ನನಗೂ ಅದೇ ರೋಗ ಅಂಟಿದೆ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ನನಗೆ ಅವರ ತೋಳಿನ ಹೊಲಿಗೆ ಕಾಣುತ್ತದೆ. ಹೊಲಿಗೆ ಸೊಟ್ಟಗಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ಇದೇ ಕಾರಣಕ್ಕೆ ನನ್ನನ್ನು ನೋಡಲು ಬಂದಿದ್ದ ಒಂದು ಗಂಡು ಎದ್ದು ಹೋಗಿದೆ. ಅವನ ಕಾಲರು ನಿಜವಾಗಿಯೂ ಸೊಟ್ಟಗಿತ್ತು.

ಅಂಥ ಮನೆಗೆ ನನ್ನ ತಂಗಿ ಒಂದು ಶುಕ್ರವಾರ ಮಧ್ಯಾಹ್ನ ಬಾಡಿಗೆಯ ಕರಿ ಗೌನು ಹಿಡಿದುಕೊಂಡು ಬಂದಳು. ಮರುದಿನ ಶನಿವಾರ ವಿಶ್ವವಿದ್ಯಾಲಯದ ಘಟಿಕೋತ್ಸವ. ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದ ಅವಳು ವೇದಿಕೆ ಹತ್ತಿ ಪದವಿ ಪಡೆಯುವ ದಿನ. ಸೋಮವಾರ ಅವಳು ರಾಮದುರ್ಗದ ಒಂದು ಕಾಲೇಜಿಗೆ ಹೋಗಿ ಮೂಲ ಪ್ರಮಾಣಪತ್ರ ತೋರಿಸಬೇಕಿತ್ತು. ತೋರಿಸಿದರೆ ಪಾಠ ಹೇಳುವ ಕೆಲಸ ಅವಳದು, ಇಲ್ಲದಿದ್ದರೆ ಅವಳ ಹಿಂದೆ ಸಾಲಿನಲ್ಲಿ ನಿಂತವರದು.

ನಮ್ಮ ಮನೆತನದಲ್ಲಿ ಅವಳಿಗಿಂತ ಮೊದಲು ಪದವಿಯ ಮುಖ ಕಂಡವರಿಲ್ಲ. ಅಬ್ಬಾ ಶಾಲೆಯ ಕಟ್ಟೆಯನ್ನೇ ಹತ್ತಿದವರಲ್ಲ. ಅಮ್ಮ ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ನಾನು ಎಸ್ಸೆಸ್ಸೆಲ್ಸಿ, ಅದೂ ಫಸ್ಟ್ ಕ್ಲಾಸು. ನಾನು ಪಾಸಾದ ವರ್ಷ ಅಬ್ಬಾಗೆ ಮೂರು ಶಾಲೆಗಳ ಯುನಿಫಾರ್ಮಿನ ಕೆಲಸ ಒಟ್ಟಿಗೇ ಬಂತು. "ಎರಡ ತಿಂಗಳ ಕೈ ಹಚ್ಚು ಬೇಟಿ, ಆಮ್ಯಾಲ ಕಾಲೇಜಿಗೆ ಹೋಗೀಯಂತ" ಅಂದರು. ಆ ಎರಡು ತಿಂಗಳು ಹದಿನೆಂಟು ವರ್ಷವಾದರೂ ಮುಗಿದಿರಲಿಲ್ಲ. ಯಾರೂ ನನ್ನನ್ನು ಬಿಡಿಸಲಿಲ್ಲ, ಯಾರೂ ಕಳಿಸಲೂ ಇಲ್ಲ. ಓದುವ ಚಟ ಮಾತ್ರ ಹೋಗಲಿಲ್ಲ. ಬ್ಲೌಸಿನ ಕಟಿಂಗ್ ತೆಗೆಯಲು ತರುವ ಹಳೆಯ ಪೇಪರನ್ನು ಮೊದಲು ಪೂರ್ತಿ ಓದಿ ಆಮೇಲೆ ಕತ್ತರಿ ಹಾಕುವವಳು ನಾನು. "ಇಕಿ ಕಡೆ ಬ್ಲೌಸ್ ಕೊಟ್ರ ಮೊದಲ ದೇಶದ ಸುದ್ದಿ ಮುಗೀಬೇಕು" ಎಂದು ಗಿರಾಕಿಗಳು ನಗುತ್ತಾರೆ.

ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವಳ ಕೈಗೆ ಅಬ್ಬಾ ಸೂಜಿ ಕೊಡಲೇ ಇಲ್ಲ. "ನೀ ಪುಸ್ತಕ ಹಿಡಿ, ಮಷಿನ್ ಮುಟ್ಟಬ್ಯಾಡ" ಅನ್ನುತ್ತಿದ್ದರು. ಅವಳ ಓದಿಗೆ ನಾನೂ ಕಾಲು ಸವೆಸಿದ್ದೇನೆ. ಹೂಲಿಯ ಹಳೆಯ ಗುಡಿಗಳ ಮೇಲೆ ಪ್ರಬಂಧ ಬರೆಯುವಾಗ, "ಆಪಾ, ನಿನ್ನ ಟೇಪು ತೊಗೊಂಡು ಬಾ" ಎಂದು ನನ್ನನ್ನು ಕರೆದೊಯ್ದಳು. ಇಡೀ ದಿನ ಬಿಸಿಲಲ್ಲಿ ನಿಂತು ಕಲ್ಲಿನ ಕಂಬಗಳಿಗೆ ಎದೆ, ಸೊಂಟ, ಉದ್ದದ ಅಳತೆ ತೆಗೆದೆ. ಅವಳು ಬರೆದುಕೊಂಡಳು. ಪ್ರಬಂಧದ ಮೇಲೆ ಅವಳ ಹೆಸರು ಬಂತು. ಅದು ಸರಿಯೇ, ಬರೆದವಳು ಅವಳು. ಆದರೂ ಆ ಪುಸ್ತಕ ಕೈಗೆ ಬಂದಾಗ ನಾನು ಅಳತೆಗಳಿದ್ದ ಪುಟವನ್ನೇ ಮೊದಲು ತೆಗೆದು ನೋಡಿದೆ.

ಇರಲಿ. ಗೌನಿನ ಮಾತಿಗೆ ಬರುತ್ತೇನೆ.

ತಂಗಿ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಅವಳು ಗಿಡ್ಡಿ. ಗೌನು ನೆಲ ಗುಡಿಸುತ್ತಿತ್ತು. ಹೆಗಲು ಮೊಣಕೈಯವರೆಗೆ ಇಳಿದಿತ್ತು. "ಯಾ ಅಲ್ಲಾ, ಜ್ವಾಳದ ಚೀಲದಾಗ ಬೆಕ್ಕು ಹೊಕ್ಕಂಗ ಆಗೇತಿ" ಎಂದು ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ತಂಗಿಯೂ ನಕ್ಕಳು. "ಎಲ್ಲಾರದೂ ಹಿಂಗ ಇರತೈತಿ, ಬಿಡು" ಎಂದು ಗೌನನ್ನು ಚೀಲಕ್ಕೆ ತುರುಕಿ, ಹೈಸ್ಕೂಲಿನಲ್ಲಿ ಕಲಿಸಿದ ಟೀಚರಿಗೆ ಸುದ್ದಿ ಹೇಳಿ ಬರುತ್ತೇನೆಂದು ಮುರಗೋಡಕ್ಕೆ ಹೋದಳು.

ಅಬ್ಬಾ ಜುಮ್ಮಾ ನಮಾಜಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಚೀಲದಿಂದ ಗೌನಿನ ತೋಳು ಹೊರಗೆ ಜೋತಿತ್ತು. ಒಂದು ಸಲ ನೋಡಿದೆ, ಎರಡು ಸಲ ನೋಡಿದೆ. ಊರೆಲ್ಲ ಬಟ್ಟೆ ಹೊಲಿಯುವ ಮನೆಯ ಹುಡುಗಿ ಸಾವಿರ ಜನರೆದುರು ಇದನ್ನು ಎಳೆದುಕೊಂಡು ನಡೆಯಬೇಕೇ? ಎದ್ದೆ. ಮೇಜಿನ ಮೇಲೆ ಹರಡಿದೆ. ಅಂಚಿನಿಂದ ಆರು ಇಂಚು ಅಳೆದು ಸೀಮೆಸುಣ್ಣದ ಗೆರೆ ಎಳೆದೆ. ಕತ್ತರಿ ಓಡಿಸಿದೆ. ಗೌನು ಮುಂದೆ ತೆರೆದಿದ್ದರಿಂದ ಕತ್ತರಿಸಿದ ಪಟ್ಟಿ ಒಂದೇ ಉದ್ದನೆಯ ತುಂಡಾಗಿ ಬಂತು. ಪಕ್ಕಗಳನ್ನು ಕಚ್ಚಾ ಹೊಲಿಗೆಯಲ್ಲಿ ಒಳಕ್ಕೆ ಹಿಡಿದೆ, ಹೊಸ ಅಂಚು ಮಡಚಿದೆ, ಇಸ್ತ್ರಿ ಹೊಡೆದೆ.

ಕತ್ತರಿ ಹಿಡಿದಾಗ ನನ್ನ ಮನಸ್ಸು ಎಷ್ಟು ಚೊಕ್ಕಟವಿತ್ತು ಎಂದು ಈಗಲೂ ನನಗೆ ಗೊತ್ತಿಲ್ಲ. ತಂಗಿ ಚೆಂದ ಕಾಣಲಿ ಅನ್ನುವುದು ನಿಜ. ಆ ಗೌನಿನಲ್ಲಿ ನನ್ನದೂ ಏನಾದರೂ ಇರಲಿ ಅನ್ನುವುದೂ ಅಷ್ಟೇ ನಿಜ. ಹೊಟ್ಟೆಕಿಚ್ಚು ಅನ್ನಿ, ನಾನು ಬೇಡ ಅನ್ನುವುದಿಲ್ಲ.

ಇಲ್ಲಿ ಅಬ್ಬಾನ ಒಂದು ಪದ್ಧತಿ ಹೇಳಬೇಕು. ಉಳಿದ ಬಟ್ಟೆಯನ್ನು ಟೇಲರುಗಳು ಇಟ್ಟುಕೊಳ್ಳುತ್ತಾರೆಂದು ಊರವರೆಲ್ಲ ಆಡಿಕೊಳ್ಳುತ್ತಾರೆ. ಅಬ್ಬಾ ಅಂಗೈಯಷ್ಟು ಉಳಿದರೂ ಗಂಟು ಕಟ್ಟಿ, ಹೊಲಿದ ಬಟ್ಟೆಯ ಜೊತೆಗೇ ತಿರುಗಿ ಕೊಡುತ್ತಾರೆ. ನಾನು ಮಷಿನ್ನಿಗೆ ಕೂತ ಮೊದಲ ದಿನ ಕಲಿಸಿದ್ದೇ ಇದು. "ಬಟ್ಟಿ ಅವರದು. ನಮ್ಮದು ಹೊಲಿಗಿ ಅಷ್ಟ." ಹಾಗಾಗಿ ನನ್ನ ಕೈ ತಾನೇ ತಾನಾಗಿ ಆ ಆರಿಂಚಿನ ಪಟ್ಟಿಯನ್ನೂ ಸುತ್ತಿ, ಗಂಟು ಕಟ್ಟಿ, ಗೌನಿನ ಚೀಲದ ತಳಕ್ಕೆ ಹಾಕಿತು. ಹಾಕಿದ್ದು ನನ್ನ ನೆನಪಿಗೂ ಉಳಿಯಲಿಲ್ಲ.

ನಮಾಜಿನಿಂದ ಬಂದ ಅಬ್ಬಾ ಅಂಚಿನ ಮೇಲೆ ಬೆರಳಾಡಿಸಿ, "ಈಗ ಬಟ್ಟಿ ಅನ್ನಸತೈತಿ ನೋಡು" ಅಂದರು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಹೊಲಿಗೆಯನ್ನು ನೋಡುವುದಕ್ಕಿಂತ ಮುಟ್ಟುವುದೇ ಹೆಚ್ಚು. ಸಂಜೆ ತಂಗಿ ಬಂದು ಹಾಕಿಕೊಂಡು ಕನ್ನಡಿಯ ಮುಂದೆ ಗಿರಗಿರ ತಿರುಗಿದಳು. ನನ್ನ ಕೆನ್ನೆ ಹಿಂಡಿ, "ಆಪಾ, ಯುನಿವರ್ಸಿಟಿಗೆ ನಾನ ರಾಣಿ" ಅಂದಳು. ಗೌನು ಬಾಡಿಗೆಯದು, ತಿರುಗಿ ಕೊಡಬೇಕು ಅನ್ನುವುದು ನಾಲ್ವರಲ್ಲಿ ಒಬ್ಬರ ತಲೆಗೂ ಬರಲಿಲ್ಲ. ಟೇಲರನ ಮನೆಗೆ ಬಂದ ಬಟ್ಟೆ ಅಳತೆಗೆ ಬರಲೇಬೇಕು, ಅಷ್ಟೇ ನಮಗೆ ಗೊತ್ತು.

ಮರುದಿನ ಬೆಳಿಗ್ಗೆ ನಾಲ್ವರೂ ಬಸ್ಸು ಹತ್ತಿದೆವು. ಅಮ್ಮನ ಮಡಿಲಲ್ಲಿ ಗೋಧಿ ಹುಗ್ಗಿಯ ಡಬ್ಬಿ, ನನ್ನ ಮಡಿಲಲ್ಲಿ ಗೌನಿನ ಚೀಲ. ಕಿತ್ತೂರು ದಾಟಿ ಹೆದ್ದಾರಿಗೆ ಬಂದಾಗ ಬೇಜಾರಿಗೆ ಚೀಲದಲ್ಲಿ ಕೈಯಾಡಿಸಿದೆ. ಗೌನಿನ ಜೊತೆ ಕೊಟ್ಟ ಒಂದು ಅಚ್ಚು ಹಾಕಿದ ಕಾಗದ ಸಿಕ್ಕಿತು. ಕಾಗದ ಸಿಕ್ಕರೆ ಓದದೆ ಬಿಡದವಳು ಹಿಂದಿನ ದಿನ ಇದೊಂದನ್ನು ಓದಿರಲಿಲ್ಲ. ಗೌನನ್ನು ಪಡೆದ ಸ್ಥಿತಿಯಲ್ಲಿಯೇ ಘಟಿಕೋತ್ಸವದ ದಿನ ನಾಲ್ಕು ಗಂಟೆಯೊಳಗೆ ಮರಳಿಸಬೇಕು, ಮರಳಿಸಿದ ಮೇಲೆಯೇ ಮೂಲ ಪ್ರಮಾಣಪತ್ರ ಕೊಡಲಾಗುವುದು, ಗೌನು ಹಾಳಾಗಿದ್ದರೆ ಪ್ರಮಾಣಪತ್ರ ತಡೆಹಿಡಿಯಲಾಗುವುದು ಎಂದಿತ್ತು.

ಪಕ್ಕದಲ್ಲಿ ತಂಗಿ ಮೆಹೆಂದಿ ಹಾಕಿದ ಕೈ ಕಿಟಕಿಯ ಹೊರಗೆ ಹಿಡಿದು, ಯಾವುದೋ ಹಾಡು ಗುನುಗುತ್ತಿದ್ದಳು. ಸೋಮವಾರ, ರಾಮದುರ್ಗ, ಅವಳ ಕೆಲಸ, ಎಲ್ಲವೂ ನನ್ನ ಕತ್ತರಿಯ ಬಾಯಿಗೆ ಬಿದ್ದಿದ್ದವು. ಈಗ ಹೇಳಿದರೆ ಅವಳು ಅಳುತ್ತ ವೇದಿಕೆ ಹತ್ತುತ್ತಾಳೆ. ಕಾಗದ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡೆ. "ಯಾಕ ಆಪಾ, ಬಸ್ಸಿನಾಗ ತಲಿ ತಿರಗತೈತೇನು?" ಎಂದು ಅವಳೇ ನನಗೆ ನಿಂಬೆಹಣ್ಣು ಕೊಟ್ಟಳು.

ಒಬ್ಬ ವಿದ್ಯಾರ್ಥಿಗೆ ಇಬ್ಬರು ಅತಿಥಿಗಳು ಮಾತ್ರ. "ನನಗ ಮಂದ್ಯಾಗ ಉಸಿರು ಕಟ್ಟತೈತಿ, ನೀವು ಹೋಗ್ರಿ" ಎಂದು ಅಮ್ಮ ಹುಗ್ಗಿಯ ಡಬ್ಬಿ ಮತ್ತು ಚೀಲ ಇಟ್ಟುಕೊಂಡು ಹೊರಗೆ ಬೇವಿನ ಗಿಡದ ಕೆಳಗೆ ಕೂತಳು. ಅಬ್ಬಾ ಮತ್ತು ನಾನು ಒಳಗೆ ಹೋದೆವು.

ಅಷ್ಟು ದೊಡ್ಡ ಸಭಾಂಗಣವನ್ನು ನಾನು ಕಂಡಿರಲಿಲ್ಲ. ವಾದ್ಯ ಮೊಳಗಿತು, ಎಲ್ಲರೂ ಎದ್ದು ನಿಂತರು, ಕರಿ ಗೌನಿನ ಮಕ್ಕಳು ಇಬ್ಬಿಬ್ಬರಾಗಿ ಸಾಲು ಹಿಡಿದು ನಡೆದು ಬಂದರು. ಬಂದರು, ಬಂದರು, ಬರುತ್ತಲೇ ಇದ್ದರು. ಒಂದರ ಹೆಗಲೂ ನೆಟ್ಟಗಿಲ್ಲ, ಒಂದರ ತೋಳೂ ಸಮವಿಲ್ಲ. ನನ್ನ ಚಟದಂತೆ ಹೊಲಿಗೆ ಎಣಿಸಲು ಶುರು ಮಾಡಿದೆ. ಐದಾರು ಗೌನು ಆಗುವಷ್ಟರಲ್ಲಿ ಎಣಿಕೆ ನಿಂತಿತು. ಒಬ್ಬ ಹುಡುಗಿಯ ಹಿಮ್ಮಡಿ ಒಡೆದಿತ್ತು, ಹೊಲದಲ್ಲಿ ನಡೆದ ಕಾಲು ಅದು, ನನಗೆ ಗೊತ್ತಾಗುತ್ತದೆ. ಒಬ್ಬ ಹುಡುಗ ತುಟಿ ಕಚ್ಚಿ ಅಳು ನುಂಗುತ್ತಿದ್ದ. ನನ್ನ ಜನ್ಮದಲ್ಲೇ ಮೊದಲ ಸಲ ಮನುಷ್ಯರ ಬಟ್ಟೆ ಕಾಣದೆ ಬರೀ ಮುಖ ಕಂಡಿತು. ಎಷ್ಟೊಂದು ಮುಖ! ಇವರೆಲ್ಲ ಯಾವ ಯಾವ ಊರಿನ, ಯಾವ ಯಾವ ಅಡುಗೆಮನೆಯಲ್ಲಿ ಕೂತು ಓದಿದರೋ ಎಂದು ರೋಮ ನಿಮಿರಿತು.

ಅವರ ನಡುವೆ ನನ್ನ ಗಿಡ್ಡಿ ಬಂದಳು. ಗೌನು ಅವಳ ಪಾದಕ್ಕೆ ಸರಿಯಾಗಿ ನಿಂತಿತ್ತು. ನಡಿಗೆಯಲ್ಲಿ ಅಂಜಿಕೆ ಇರಲಿಲ್ಲ. ದಿನಾ ಬೆಳಿಗ್ಗೆ ನಾನು ಜಡೆ ಹಾಕಿ, ಮೂಗು ಒರೆಸಿ ಶಾಲೆಗೆ ಕಳಿಸಿದ ಹುಡುಗಿ ಇವಳೇ ಏನು ಅನಿಸಿತು. ಹೆಸರು ಕೂಗಿದರು. ಅಬ್ಬಾನ ಹೆಸರೂ ಸೇರಿಯೇ ಬಂತು. ಅಬ್ಬಾ ಎದ್ದು ನಿಂತುಬಿಟ್ಟರು. ಹಿಂದಿನಿಂದ ಯಾರೋ, "ಕಾಕಾ, ಕುಂಡರ್ರಿ, ಕಾಣವಲ್ದು" ಅಂದರು. ಅಬ್ಬಾಗೆ ಕೇಳಲಿಲ್ಲ. ಟೋಪಿ ನೆಟ್ಟಗೆ ಮಾಡಿಕೊಂಡು, ಎರಡೂ ಕೈ ಎದೆಯ ಮೇಲಿಟ್ಟುಕೊಂಡು, ಮಗಳು ವೇದಿಕೆಯಿಂದ ಇಳಿಯುವವರೆಗೂ ನಿಂತೇ ಇದ್ದರು. ಅವರ ಗಡ್ಡ ಒದ್ದೆಯಾಗಿತ್ತು. ನಾನು ಅಂಚನ್ನು ಮರೆತೆ, ಕಾಗದವನ್ನು ಮರೆತೆ. ಅಷ್ಟು ಹೊತ್ತು ನನ್ನಲ್ಲಿ ಯಾವ ಕಿಚ್ಚೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಹೊರಗೆ ಬಂದಾಗ ಎರಡು ಗಂಟೆ ದಾಟಿತ್ತು. ವೇದಿಕೆಯಲ್ಲಿ ಕೊಟ್ಟ ಕೆಂಪು ಫೈಲನ್ನು ತಂಗಿ ಅಮ್ಮನ ಕೈಗಿತ್ತಳು. ಅಮ್ಮ ಬಿಸ್ಮಿಲ್ಲಾ ಹೇಳಿ ತೆರೆದಳು.

"ಅಯ್ಯ, ಇದರಾಗ ಏನೂ ಇಲ್ಲಲ್ಲ!"

"ಅದು ಬರೇ ಫೋಟೋಕ್ಕಮ್ಮಾ," ತಂಗಿ ನಕ್ಕಳು. "ಗೌನ್ ತಿರುಗಿ ಕೊಟ್ರ ಖರೇ ಸರ್ಟಿಫಿಕೇಟು ಕೊಡತಾರ..."

ಅವಳು ಬಗ್ಗಿ ತನ್ನ ಪಾದ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ನಾನು ಕುಪ್ಪಸದಿಂದ ಕಾಗದ ತೆಗೆದು ಕೊಟ್ಟೆ.

"ನಿನಗ ಗೊತ್ತಿತ್ತು?"

"ಬಸ್ಸಿನಾಗ ಓದೀನಿ."

"ಯಾರನ್ನ ಕೇಳಿ ಕತ್ತರಿ ಹಾಕಿದಿ ಆಪಾ? ನನ್ನ ಬಾಳೇವು ಐತಿ ಅದರಾಗ!"

ತಪ್ಪು ನನ್ನದೇ. ಆದರೂ ನನ್ನ ಬಾಯಿ ಕೇಳಬೇಕಲ್ಲ. "ನಿನ್ನಿ ಕನ್ನಡಿ ಮುಂದ ಕುಣಿಯುವಾಗ ನೆನಪಾಗಲಿಲ್ಲೇನು? ಎಂ.ಎ. ಓದಿದಾಕಿ ನೀನೋ, ನಾನೋ?" ಅಂದೆ. ಅಂದದ್ದೇ ಅವಳು ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು. ಮನೆಯೊಳಗೆ ನಮ್ಮ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಅವತ್ತು ಆ ಗಿಡದ ಕೆಳಗೆ ಎರಡೂ ಸಾಲಲಿಲ್ಲ.

ಅಬ್ಬಾ ನಮ್ಮಿಬ್ಬರ ಕಡೆಯೂ ನೋಡಲಿಲ್ಲ. ಚೀಲವನ್ನು ಹತ್ತಿರ ಎಳೆದುಕೊಂಡು ತಳದಲ್ಲಿ ಕೈ ಹಾಕಿದರು. ಗಂಟು ಹೊರಗೆ ಬಂತು.

"ಬಟ್ಟಿ ಎಲ್ಲಿ ಹೋಗೇತಿ? ಇಲ್ಲೇ ಐತಿ," ಅಂದರು. "ಗೌನ್ ಬಿಚ್ಚು ಬೇಟಿ."

ಟೋಪಿ ತೆಗೆದರು. ಅದರ ಒಳಬದಿಯ ಮಡಿಕೆಯಲ್ಲಿ ಅವರದು ಯಾವಾಗಲೂ ಎರಡು ಸೂಜಿ ಇರುತ್ತವೆ. ಕರಿ ದಾರದ ಉಂಡೆ ನನ್ನ ಪರ್ಸಿನಲ್ಲಿತ್ತು. ಹಲ್ಲಿನಿಂದ ಕಚ್ಚಿ ನನ್ನ ಹೊಸ ಅಂಚನ್ನು ಬಿಚ್ಚಿದೆ, ಪಕ್ಕದ ಕಚ್ಚಾ ಹೊಲಿಗೆಯನ್ನು ಎಳೆದು ತೆಗೆದೆ. ಕತ್ತರಿಸಿದ ಪಟ್ಟಿಯ ಹಳೆಯ ಮಡಿಕೆ ಬಿಚ್ಚಿದಾಗ ಒಂದಿಷ್ಟು ಬಟ್ಟೆ ಹೆಚ್ಚಿಗೆ ಸಿಕ್ಕಿತು. ಜೋಡಿಸುವಾಗ ಒಳಗೆ ಹೋಗುವ ಬಟ್ಟೆಗೆ ಅದು ಸರಿಹೋಯಿತು. ಗೌನಿನ ಎಡ ತುದಿಯಿಂದ ಅಬ್ಬಾ, ಬಲ ತುದಿಯಿಂದ ನಾನು ಹೊಲಿಯುತ್ತ ಬೆನ್ನಿನ ಮಧ್ಯ ಸೇರುವುದೆಂದಾಯಿತು.

ಅಬ್ಬಾಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಅಳುವ ಕಣ್ಣಿಗೆ ನನಗೂ ಕಾಣಲಿಲ್ಲ. ತಂಗಿ ಕಣ್ಣೊರೆಸಿಕೊಂಡು ನಮ್ಮಿಬ್ಬರ ನಡುವೆ ಕೂತಳು. "ತಾ ಇಲ್ಲಿ" ಎಂದು ಸೂಜಿ ಇಸಿದುಕೊಂಡಳು. ಜೀವನದಲ್ಲಿ ಸೂಜಿ ಮುಟ್ಟದ ಹುಡುಗಿ ದಾರದ ತುದಿಯನ್ನು ನಾಲಿಗೆಗೆ ಒತ್ತಿ, ಒಂದೇ ಸಲಕ್ಕೆ ಪೋಣಿಸಿದಳು. ಅಬ್ಬಾ ಕೈ ಚಾಚಿದಾಗ ಅಬ್ಬಾಗೆ, ನಾನು ಕೈ ಚಾಚಿದಾಗ ನನಗೆ. ಎಲ್ಲಿ ಕಲಿತಳೋ, ನಾವು ಹೊಲಿಯುವುದನ್ನು ಪುಸ್ತಕದ ಮರೆಯಿಂದ ನೋಡಿಯೇ ಇರಬೇಕು.

ಅಬ್ಬಾ ಹೊಲಿಯುವುದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. ಹತ್ತಿರದ್ದು ಮಸುಕಾಗಿ ಕಾಣತೊಡಗಿದ ಮೇಲೆ ಗುಂಡಿ ಹಚ್ಚುವುದಕ್ಕೇ ಸೀಮಿತವಾಗಿದ್ದರು. ಈಗ ಬಟ್ಟೆಯತ್ತ ನೋಡದೆ, ಗಿಡದ ಎಲೆಗಳತ್ತ ಮುಖ ಮಾಡಿ, ಎಡಗೈ ಹೆಬ್ಬೆರಳಿನಿಂದ ಬಟ್ಟೆಯನ್ನು ಓದುತ್ತ ಬಲಗೈಯಿಂದ ಹೊಲಿದರು. ಹೆಬ್ಬೆರಳು ಮುಂದೆ, ಸೂಜಿ ಹಿಂದೆ. ಹೊಲಿಗೆಯ ಒಂದೊಂದು ಟಾಕಿಯೂ ಸಾಸಿವೆ ಕಾಳಿನಷ್ಟು. ನಾನು ಕಣ್ಣು ಬಿಟ್ಟುಕೊಂಡು ಹೊಲಿದರೂ ಅಷ್ಟು ಸಮ ಬರಲಿಲ್ಲ. ಹೋಗಿ ಬರುವವರು ನಿಂತು ನೋಡಿದರು. ಒಳಗೆ ಅಷ್ಟು ದೊಡ್ಡ ದೊಡ್ಡವರನ್ನು ನೋಡಿ ಬಂದಿದ್ದೆ. ನನಗೆ ಕೈಮುಗಿಯಬೇಕು ಅನಿಸಿದ್ದು ಈ ಬೆರಳುಗಳಿಗೆ.

ಬೆನ್ನಿನ ಮಧ್ಯ ನನ್ನ ಸೂಜಿ ಅಬ್ಬಾನ ಸೂಜಿಯನ್ನು ಮುಟ್ಟಿದಾಗ ಮೂರೂವರೆ ಗಂಟೆ. ಅಬ್ಬಾ ಗಂಟು ಹಾಕಿ ದಾರ ಕಡಿದರು.

"ಮೈಮ್ಯಾಲ ಹಾಕಿ ನೋಡಬೇಕು. ಅಂಚು ಓಡೇತೇನೋ," ಅಂದರು.

ಇದು ನಮ್ಮ ಕಸುಬಿನ ಕಡೆಯ ಕೆಲಸ. ಮೈಮೇಲೆ ಹಾಕದೆ ಅಂಚು ಸಮವಾಗಿದೆಯೋ ಇಲ್ಲವೋ ತಿಳಿಯದು. ತಂಗಿ ಹಾಕಿಕೊಂಡರೆ ಮತ್ತೆ ನೆಲಕ್ಕೆ ಬೀಳುತ್ತದೆ, ಏನೂ ಗೊತ್ತಾಗುವುದಿಲ್ಲ. ಎತ್ತರದವರು ಬೇಕು. ನಮ್ಮ ಮನೆಯಲ್ಲಿ ಎತ್ತರದವಳು ನಾನೊಬ್ಬಳೇ, ಅಮ್ಮ ಬೈಯುವಾಗ ಒಂಟೆ ಅನ್ನುತ್ತಾಳೆ. ತಂಗಿಯೇ ಗೌನು ಎತ್ತಿ ನನ್ನ ಹೆಗಲಿಗೆ ಹಾಕಿದಳು.

ಹೆಗಲು ಹೆಗಲಿಗೆ ಕೂತಿತು. ತೋಳು ಮಣಿಕಟ್ಟಿಗೆ ಬಂತು. ಅಂಚು ಪಾದದ ಮೇಲೆ ಸರಿಯಾಗಿ ನಿಂತಿತು. ಅಳತೆ ಕೊಟ್ಟು ಹೊಲಿಸಿದರೂ ಅಷ್ಟು ಸರಿಯಾಗುವುದಿಲ್ಲ.

ಅಬ್ಬಾ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರು. ಬೇರೆ ದಿನವಾಗಿದ್ದರೆ ಆ ಕ್ಷಣಕ್ಕೇ "ಎಡಕ್ಕ ಜಗ್ಗೇತಿ" ಅಂತಲೋ, "ಆತು, ಬಿಚ್ಚು" ಅಂತಲೋ ಹೇಳುತ್ತಿದ್ದರು. ಅವತ್ತು ಬರೀ ನೋಡಿದರು, ನೋಡುತ್ತಲೇ ಇದ್ದರು. ಅಮ್ಮ ಡಬ್ಬಿಯ ಮುಚ್ಚಳ ಹಿಡಿದು ಕೂತಲ್ಲೇ ಕೂತಿದ್ದಳು. ತಂಗಿ ಮೊಬೈಲು ಎತ್ತಿದ್ದು ನನಗೆ ಗೊತ್ತಾಗಲಿಲ್ಲ.

"ಸಮ ಐತಿ," ಅಂದರು ಅಬ್ಬಾ.

ಕೌಂಟರಿನಲ್ಲಿದ್ದ ಗುಮಾಸ್ತ ಗೌನನ್ನು ಬಿಚ್ಚಿಯೂ ನೋಡಲಿಲ್ಲ. ಹಿಂದೆ ಬಿದ್ದಿದ್ದ ಗೌನುಗಳ ರಾಶಿಗೆ ಎಸೆದು, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಪ್ರಮಾಣಪತ್ರ ಕೊಟ್ಟ. ಅಬ್ಬಾನ ಆ ಹೊಲಿಗೆಯನ್ನು ಒಬ್ಬನೂ ನೋಡಲಿಲ್ಲವಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. "ಸಾಹೇಬ್ರ, ಒಮ್ಮಿ ಬಿಚ್ಚಿ ನೋಡ್ರಿ..." ಅನ್ನುವಷ್ಟರಲ್ಲಿ ತಂಗಿ ನನ್ನ ಸೊಂಟ ಚಿವುಟಿ ಹೊರಗೆ ಎಳೆದುಕೊಂಡು ಬಂದಳು. ಗಿಡದ ಕೆಳಗೆ ಹುಗ್ಗಿ ತಿಂದೆವು. ಅಬ್ಬಾ ಕೈ ತೊಳೆದು, ಒರೆಸಿಕೊಂಡು, ಪ್ರಮಾಣಪತ್ರದ ಉಬ್ಬು ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿ ಆಡಿಸಿ ನೋಡಿದರು. ಸೋಮವಾರ ತಂಗಿ ರಾಮದುರ್ಗಕ್ಕೆ ಹೋದಳು, ಕೆಲಸಕ್ಕೆ ಸೇರಿದಳು.

ಈಗ ಅಂಗಡಿಯ ಗೋಡೆಯ ಮೇಲೆ ಎರಡು ಫೋಟೋ ಇವೆ. ಒಂದು ತಂಗಿಯದು, ಕೆಂಪು ಫೈಲು ಹಿಡಿದು ವೇದಿಕೆಯ ಮೇಲೆ. ಇನ್ನೊಂದು ಅವಳು ಕದ್ದು ತೆಗೆದದ್ದು. ಬೇವಿನ ಗಿಡದ ಕೆಳಗೆ ಕರಿ ಗೌನು ಹಾಕಿಕೊಂಡು ನಾನು ಪೆದ್ದಿಯ ಹಾಗೆ ನನ್ನ ಪಾದ ನೋಡುತ್ತಿದ್ದೇನೆ. ಅದನ್ನು ತೆಗೆಸಿ ಎಂದು ಎಷ್ಟು ಜಗಳ ಮಾಡಿದರೂ ಅಬ್ಬಾ ಕೇಳಲಿಲ್ಲ.

ಹೋದ ತಿಂಗಳು ಸವದತ್ತಿಯಿಂದ ಬಂದ ಒಬ್ಬ ಗಿರಾಕಿ ಫೋಟೋ ನೋಡಿ, "ಇಬ್ಬರೂ ಹೆಣ್ಣುಮಕ್ಕಳು ಡಿಗ್ರಿ ಮಾಡ್ಯಾರೇನ್ರಿ ಮಿಯಾ?" ಎಂದು ಕೇಳಿದರು. ನಾನು ಮಷಿನ್ನಿನ ಮೇಲೆ ತಲೆ ಬಗ್ಗಿಸಿದೆ.

"ಇಲ್ರಿ," ಅಂದರು ಅಬ್ಬಾ. "ಸಣ್ಣಾಕಿ ಮಾಡ್ಯಾಳ. ದೊಡ್ಡಾಕಿ ಓದು ನನ್ನ ಕಡೆನ ಉಳದೈತಿ. ತಿರುಗಿ ಕೊಡೂದೈತಿ."

ನಾನು ಮಷಿನ್ ತುಳಿಯುತ್ತಲೇ ಇದ್ದೆ. ಸೂಜಿಯ ಕೆಳಗೆ ಬಟ್ಟೆ ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ. ಆ ಭಾನುವಾರ ತಂಗಿ ರಾಮದುರ್ಗದಿಂದ ಪಿಯುಸಿ ಪರೀಕ್ಷೆಗೆ ಖಾಸಗಿಯಾಗಿ ಕೂರುವ ಅರ್ಜಿ ತಂದಳು. ಅಬ್ಬಾ ಹೇಳಿ ತರಿಸಿದ್ದಂತೆ. ಸಂಜೆ ನಾನು ಅದನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದೆ, ಒಂದು ಸಾಲೂ ಬಿಡದೆ, ಆಮೇಲೆ ತುಂಬಿದೆ.